ಬ್ರೌಸರ್‌ನಲ್ಲಿ ಒಂದು ರೆಕಾರ್ಡ್ ತೆಗೆಯಲು ಇಷ್ಟೊಂದು ಕೋಡ್ ಯಾಕೆ?

ಬ್ರೌಸರ್‌ನೊಳಗೇ ಡೇಟಾ ಇಟ್ಟುಕೊಳ್ಳುವ ಆ್ಯಪ್ ಬರೆದವರಿಗೆ ಈ ಬೇಸರ ಗೊತ್ತೇ ಇರುತ್ತದೆ. ರೆಕಾರ್ಡನ್ನು ಗುರುತಿಸುವ ಕೀ ಕೈಯಲ್ಲಿದೆ, ಅದರ ರೆಕಾರ್ಡ್ ಬೇಕು, ಅಷ್ಟೇ ಅಲ್ವಾ? ಆದರೆ ಬ್ರೌಸರ್‌ನಲ್ಲೇ ಇರುವ ಡೇಟಾಬೇಸ್ ವ್ಯವಸ್ಥೆಯಾದ ಇಂಡೆಕ್ಸೆಡ್‌ಡಿಬಿಯಲ್ಲಿ ಮೊದಲು ಡೇಟಾಬೇಸ್ ತೆರೆಯಬೇಕು, ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆಯುವ ಓದು-ಬರಹದ ಒಂದು ಕಂತು) ಶುರು ಮಾಡಬೇಕು, ಅದರಿಂದ ರೆಕಾರ್ಡ್‌ಗಳನ್ನು ಇಟ್ಟಿರುವ ಆಬ್ಜೆಕ್ಟ್ ಸ್ಟೋರ್ ಪಡೆಯಬೇಕು, ಆಮೇಲೆ 'ಗೆಟ್' ಕರೆಯಬೇಕು. ಅದೂ ತಕ್ಷಣ ಉತ್ತರ ಕೊಡುವುದಿಲ್ಲ. ಕೆಲಸ ಆಯಿತು ಎಂದು ಹೇಳುವ 'ಆನ್‌ಸಕ್ಸೆಸ್' ಬರುವವರೆಗೂ ಕಾಯಬೇಕು.

ಮೊದಲು ಹೀಗಿರಲಿಲ್ಲ. ಸೈಟ್‌ಗಳು ಬ್ರೌಸರ್‌ನಲ್ಲಿ ಇಡುವ ಪುಟ್ಟ ಟಿಪ್ಪಣಿಯಾದ, 1994ರಲ್ಲಿ ಬಂದ ಕುಕಿಯಲ್ಲಿ ಸುಮಾರು 4 ಕೆಬಿ ಹಿಡಿಸುತ್ತಿತ್ತು. ಆಮೇಲೆ ಬಂದ ಲೋಕಲ್‌ಸ್ಟೋರೇಜ್‌ನಲ್ಲಿ ಒಂದೇ ಸಾಲು ಸಾಕು: ಕೀ ಕೊಡಿ, ಮೌಲ್ಯ ತಗೊಳ್ಳಿ. ಆದರೆ ಅದರಲ್ಲಿ ಇಡಬಹುದಾದದ್ದು ಬರೀ ಸ್ಟ್ರಿಂಗ್ (ಪಠ್ಯ), ಅದೂ ಸುಮಾರು 5 ಎಂಬಿ. ಓದಿ ಮುಗಿಯುವವರೆಗೆ ಪುಟದ ಉಳಿದ ಕೆಲಸವೆಲ್ಲ ನಿಲ್ಲುತ್ತದೆ.

ದೊಡ್ಡ ಡೇಟಾಗೆ ಆಗ ಇದ್ದ ದಾರಿ ವೆಬ್ ಎಸ್‌ಕ್ಯೂಎಲ್, ಅಂದರೆ ಎಸ್‌ಕ್ಯೂಎಲ್ ಎಂಬ ಕ್ವೆರಿ ಭಾಷೆಯಲ್ಲಿ ಡೇಟಾ ಕೇಳುವ ಬ್ರೌಸರ್ ಡೇಟಾಬೇಸ್. ಸಫಾರಿ, ಕ್ರೋಮ್ ಎರಡರಲ್ಲೂ ಅದು ಚೆನ್ನಾಗಿಯೇ ನಡೆಯುತ್ತಿತ್ತು. ತೊಂದರೆ ಇದ್ದದ್ದು ಅದರ ನಿಯಮದ ಪುಸ್ತಕದಲ್ಲಿ. ಯಾವ ಎಸ್‌ಕ್ಯೂಎಲ್ ಬಳಸಬೇಕು ಅಂದರೆ, ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಎಂಜಿನ್‌ನ 3.6.19 ಆವೃತ್ತಿ ಏನನ್ನು ಒಪ್ಪುತ್ತದೋ ಅದನ್ನೇ ಎಂದು ಅಲ್ಲಿ ಬರೆದಿತ್ತು. ಒಂದು ಸಾಫ್ಟ್‌ವೇರ್‌ನ ಒಂದು ಆವೃತ್ತಿಯೇ ಇಡೀ ವೆಬ್‌ಗೆ ನಿಯಮ! ಮಾನದಂಡ ಆಗಬೇಕಾದರೆ ಬೇರೆಬೇರೆಯಾಗಿ ಕಟ್ಟಿದ ಎಂಜಿನ್‌ಗಳು ಬೇಕು, ಇಲ್ಲಿ ಎಲ್ಲರೂ ಎಸ್‌ಕ್ಯೂಲೈಟನ್ನೇ ಬಳಸಿದ್ದರು. 2010ರ ನವೆಂಬರ್‌ನಲ್ಲಿ ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಆ ಕೆಲಸ ನಿಲ್ಲಿಸಿತು. ಆಗಲೇ ಅದನ್ನು ನಂಬಿ ಆ್ಯಪ್ ಕಟ್ಟಿದವರಿಗೆ ಇದು ದೊಡ್ಡ ಪೆಟ್ಟು. ಆದರೂ ಆ ತೀರ್ಮಾನ ಸರಿಯಾಗಿತ್ತು ಎಂದೇ ನನ್ನ ಅನಿಸಿಕೆ.

ಅದರ ಜಾಗಕ್ಕೆ ಬಂದದ್ದು, ಒರಾಕಲ್‌ನ ನಿಕುಂಜ್ ಮೆಹ್ತಾ 2009ರಲ್ಲಿ ಮುಂದಿಟ್ಟ ವೆಬ್‌ಸಿಂಪಲ್‌ಡಿಬಿ. ಅದೇ ಮುಂದೆ ಇಂಡೆಕ್ಸೆಡ್‌ಡಿಬಿ ಆಯಿತು. ಇದರಲ್ಲಿ ಕ್ವೆರಿ ಭಾಷೆ ಇಲ್ಲ. ರೆಕಾರ್ಡ್‌ಗಳು ಕೀ ಪ್ರಕಾರ ಸಾಲಾಗಿ ಕೂತಿರುತ್ತವೆ, ಉಳಿದದ್ದನ್ನು ಲೈಬ್ರರಿಗಳು ಮೇಲೆ ಕಟ್ಟಿಕೊಳ್ಳಲಿ ಎಂಬ ಯೋಚನೆ. ಇವತ್ತು ಫೈರ್‌ಫಾಕ್ಸ್ ಅದನ್ನು ಎಸ್‌ಕ್ಯೂಲೈಟ್ ಮೇಲೆ ನಡೆಸುತ್ತದೆ, ಕ್ರೋಮ್ ಲೆವೆಲ್‌ಡಿಬಿ ಎಂಬ ಬೇರೆ ಎಂಜಿನ್ ಬಳಸುತ್ತಾ ಬಂದಿದೆ. ಒಳಗೆ ಏನೇ ಇದ್ದರೂ ನಾವು ಬರೆಯುವ 'ಗೆಟ್' ಒಂದೇ.

ಹಾಗಾದರೆ ಇಷ್ಟೆಲ್ಲ ಸುತ್ತು ಯಾಕೆ? ಇದನ್ನು ರೂಪಿಸುವಾಗ ಜಾವಾಸ್ಕ್ರಿಪ್ಟ್‌ನಲ್ಲಿ ಪ್ರಾಮಿಸ್ (ಆಮೇಲೆ ಬರುವ ಉತ್ತರವನ್ನು ಸುಲಭವಾಗಿ ಪಡೆಯುವ ಸೌಲಭ್ಯ) ಇರಲೇ ಇಲ್ಲ. ಇಂಡೆಕ್ಸೆಡ್‌ಡಿಬಿ 2015ರ ಜನವರಿಯಲ್ಲಿ ಡಬ್ಲ್ಯೂ3ಸಿ ಮಾನದಂಡವಾಯಿತು, ಪ್ರಾಮಿಸ್ ಭಾಷೆಯ ಮಾನದಂಡ ಸೇರಿದ್ದು ಅದೇ ವರ್ಷ ಜೂನ್‌ನಲ್ಲಿ. ಹಾಗಾಗಿ ಪುಟವನ್ನು ನಿಲ್ಲಿಸದೆ ಉತ್ತರ ತಲುಪಿಸಲು 'ಆನ್‌ಸಕ್ಸೆಸ್'ನಂಥ ಇವೆಂಟ್‌ಗಳನ್ನು ಬಳಸಿದರು. ಹಲವು ರೆಕಾರ್ಡ್‌ಗಳನ್ನು ಒಟ್ಟಿಗೆ ಕೊಡುವ 'ಗೆಟ್‌ಆಲ್' ಕೂಡ 2018ರ ಎರಡನೇ ಆವೃತ್ತಿಯಲ್ಲಷ್ಟೇ ಮಾನದಂಡಕ್ಕೆ ಸೇರಿತು.

ತುಂಬಾ ಜನ ಮುಗ್ಗರಿಸುವ ಜಾಗ ಇನ್ನೊಂದಿದೆ. ಸದಸ್ಯ ಸಂಖ್ಯೆ 27 ಅನ್ನು ನಂಬರ್ ಆಗಿಯೇ ಉಳಿಸಿದ್ದೀರಿ ಅಂದುಕೊಳ್ಳಿ. ಹುಡುಕುವಾಗ ಫಾರ್ಮ್‌ನ ಪೆಟ್ಟಿಗೆಯಿಂದ ಅದೇ 27 ತಗೊಂಡು 'ಗೆಟ್'ಗೆ ಕೊಡುತ್ತೀರಿ. ಆದರೆ ಪೆಟ್ಟಿಗೆಯ 'ವ್ಯಾಲ್ಯೂ' ಯಾವಾಗಲೂ ಸ್ಟ್ರಿಂಗ್. ಇಂಡೆಕ್ಸೆಡ್‌ಡಿಬಿಗೆ ನಂಬರ್ 27, ಸ್ಟ್ರಿಂಗ್ '27' ಎರಡೂ ಬೇರೆ ಕೀಗಳು. ಎರರ್ ಬರುವುದಿಲ್ಲ. 'ಆನ್‌ಸಕ್ಸೆಸ್' ಸರಿಯಾಗಿಯೇ ಓಡುತ್ತದೆ, ಫಲಿತಾಂಶ ಮಾತ್ರ 'ಅನ್‌ಡಿಫೈನ್ಡ್'. ರೆಕಾರ್ಡ್ ಅಳಿಸಿಹೋಗಿದೆ ಎಂದು ಸುಮ್ನೆ ಗಾಬರಿಯಾಗುತ್ತದೆ. ಕೊಡುವ ಮೊದಲು ನಂಬರ್‌ಗೆ ಬದಲಾಯಿಸಿದರೆ ಸಾಕು.

ಈಗ 'ಐಡಿಬಿ'ಯಂಥ ಪುಟ್ಟ ಲೈಬ್ರರಿ ಹಾಕಿಕೊಂಡರೆ ಪ್ರಾಮಿಸ್‌ನ ಉತ್ತರಕ್ಕೆ ಕಾಯುವ ಒಂದು 'ಅವೇಟ್'ನಲ್ಲಿ ರೆಕಾರ್ಡ್ ಸಿಗುತ್ತದೆ. ಆದರೆ ಹಳೆಯ ನಿಯಮ ಒಳಗೆ ಹಾಗೇ ಇದೆ: ಕೆಲಸ ಬಾಕಿ ಇಲ್ಲದ ಟ್ರಾನ್ಸಾಕ್ಷನ್ ತಾನಾಗಿಯೇ ಮುಗಿದುಬಿಡುತ್ತದೆ. ನಡುವೆ 'ಫೆಚ್' ಮಾಡಿ ಸರ್ವರ್‌ಗೆ ಹೋಗಿ ಬರುವಷ್ಟರಲ್ಲಿ ಅದು ಮುಚ್ಚಿರುತ್ತದೆ. ಆದ್ದರಿಂದ ಫೆಚ್ ಮೊದಲು, ಟ್ರಾನ್ಸಾಕ್ಷನ್ ಆಮೇಲೆ.