ವರಾಂಡಾಕ್ಕೆ ಮಾಡು ಹಾಕಿಸಿದರೆ ಒಳಗಿನ ಕೋಣೆ ಕತ್ತಲಾಗುತ್ತದೆಯೇ?

ಪ್ರಶ್ನೆ: ನಮ್ಮ ಹಜಾರದ ಹೊರಗೆ 10 ಅಡಿ ಅಗಲದ ತೆರೆದ ವರಾಂಡಾ ಇದೆ. ಮಳೆ ಬಂದರೂ ಬಿಸಿಲೇರಿದರೂ ಅಲ್ಲಿ ಕೂರುವಂತಿಲ್ಲ. ಹಾಗಾಗಿ ಮೇಲೆ ಮಾಡು ಹಾಕಿಸಬೇಕೆಂದಿದ್ದೇವೆ. ಆದರೆ ಹಜಾರಕ್ಕೆ ಬೆಳಕು ಬರುವುದೇ ಆ ಬದಿಯ ಕಿಟಕಿಗಳಿಂದ. ಪಾರದರ್ಶಕ ಶೀಟ್ ಹಾಕಿಸಿಬಿಟ್ಟರೆ ಆಯಿತಲ್ಲವೇ?

ಉತ್ತರ: ಕತ್ತಲೆಯ ಕಾಟ ತಪ್ಪುತ್ತದೆ, ಸೆಕೆಯ ಕಾಟ ಶುರುವಾಗುತ್ತದೆ. ಶೀಟಿನ ಮಾತು ಆಮೇಲೆ. ಅದಕ್ಕೂ ಮೊದಲು ನೋಡಬೇಕಾದದ್ದು ಮಾಡಿನ ಹೊರ ಅಂಚು ಎಷ್ಟು ಎತ್ತರದಲ್ಲಿ, ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು.

ನೇರ ಬಿಸಿಲು ಒಳಗೆ ಬೀಳುವ ಹೊತ್ತು ಬಿಟ್ಟರೆ, ಕೋಣೆಗೆ ಬರುವುದು ಆಕಾಶದ ಬೆಳಕು. ಕಿಟಕಿಗೆ ಎಷ್ಟು ಆಕಾಶ ಕಾಣುತ್ತದೋ ಅಷ್ಟರ ಮಟ್ಟಿಗೆ ಕೋಣೆ ಬೆಳಗುತ್ತದೆ. ಗೋಡೆಯಲ್ಲಿರುವ ಕಿಟಕಿಗೆ ಕಾಣುವುದೇ ಅರ್ಧ ಆಕಾಶ. ಮಾಡು ಬಂದರೆ ಆ ಅರ್ಧದಲ್ಲಿ ಮೇಲಿನ ಪಾಲು ಹೋಗುತ್ತದೆ. ಅದೂ ಒಳ್ಳೆಯ ಪಾಲೇ. ಪೂರ್ತಿ ಮೋಡ ಕವಿದ ದಿನ ನೆತ್ತಿಯ ಮೇಲಿನ ಆಕಾಶ ದಿಗಂತದ ಬಳಿಯ ಆಕಾಶಕ್ಕಿಂತ ಸುಮಾರು 3 ಪಟ್ಟು ಪ್ರಕಾಶವಾಗಿರುತ್ತದೆ. ಮಳೆಗಾಲದಲ್ಲಿ ಇಂಥ ಮನೆಗಳಲ್ಲಿ ಹಗಲೇ ದೀಪ ಹಾಕುವಂತಾಗುವುದು ಇದಕ್ಕೇ.

ಲೆಕ್ಕ ಹಾಕಿ ನೋಡೋಣ. ಕಿಟಕಿಯ ನಡುಭಾಗ ನೆಲದಿಂದ 4 ಅಡಿ ಎತ್ತರದಲ್ಲಿದೆ, ಮಾಡು ಗೋಡೆಯಿಂದ 10 ಅಡಿ ಹೊರಚಾಚಿದೆ, ಅದರ ಹೊರ ಅಂಚು 8 ಅಡಿ ಎತ್ತರದಲ್ಲಿದೆ ಎಂದುಕೊಳ್ಳಿ. ಆಗ ಕಿಟಕಿಗೆ ಕಾಣುವುದು ದಿಗಂತದಿಂದ ಸುಮಾರು 22 ಡಿಗ್ರಿವರೆಗಿನ ಆಕಾಶ ಮಾತ್ರ. ಮಾಡು ಗೋಡೆಯುದ್ದಕ್ಕೂ ಇದೆ, ಆಕಾಶ ಎಲ್ಲ ಕಡೆ ಒಂದೇ ಸಮ ಬೆಳಗುತ್ತಿದೆ ಎಂದಿಟ್ಟುಕೊಂಡರೂ, ಮೊದಲು ಆಕಾಶದಿಂದ ಕಿಟಕಿಗೆ ಬೀಳುತ್ತಿದ್ದ ಬೆಳಕಿನಲ್ಲಿ ಉಳಿಯುವುದು ಶೇ. 37ರಷ್ಟು. ಅದೇ ಅಂಚನ್ನು 10 ಅಡಿಗೆ ಏರಿಸಿದರೆ ಶೇ. 51 ಉಳಿಯುತ್ತದೆ. ಜೊತೆಗೆ ಹೊರಚಾಚನ್ನು 7 ಅಡಿಗೆ ಇಳಿಸಿದರೆ ಶೇ. 65. ಇಷ್ಟು ಹೊತ್ತೂ ನಾವು ಲೆಕ್ಕ ಹಾಕಿದ್ದು ಬೆಳಕೇ ತೂರದ ಮಾಡಿಗೆ ಎಂಬುದನ್ನು ಗಮನಿಸಿ.

ತೊಂದರೆ ಏನೆಂದರೆ, ನೀರು ಹರಿಯಲಿ ಎಂದು ಮಾಡನ್ನು ಹೊರಕ್ಕೆ ಇಳಿಜಾರಾಗಿಸುತ್ತೇವೆ. ಎತ್ತರ ಬೇಕಾದ ಅಂಚೇ ಎಲ್ಲಕ್ಕಿಂತ ತಗ್ಗಾಗುತ್ತದೆ. ಇಳಿಜಾರನ್ನು ಮನೆಯ ಕಡೆಗೆ ತಿರುಗಿಸಿದರೆ ಅಂಚು ಏರುತ್ತದೆ ನಿಜ, ಆದರೆ ನೀರೆಲ್ಲ ಗೋಡೆಗೆ ಬರುತ್ತದೆ. ಗಟರ್ ಒಂದು ಸಲ ಕಟ್ಟಿಕೊಂಡರೂ ಸಾಕು, ಗೋಡೆ ಒದ್ದೆ. ನನ್ನ ಮಟ್ಟಿಗೆ, ಗೋಡೆಗೆ ಸಮಾಂತರವಾಗಿ ಒಂದು ಪಕ್ಕಕ್ಕೆ ಇಳಿಜಾರು ಕೊಡುವುದೇ ಮೇಲು. ಗೋಡೆಯ ಎತ್ತರ ಸಾಲದಿದ್ದರೆ ಕಂಬಗಳ ಮೇಲೆ ಮಾಡನ್ನು ಮನೆಯ ಸ್ಲ್ಯಾಬಿಗಿಂತ ತುಸು ಎತ್ತರಕ್ಕೆ ಏರಿಸಬಹುದು. ಆ ಸಂದಿಯಿಂದ ಬಿಸಿಗಾಳಿಯೂ ಹೊರಹೋಗುತ್ತದೆ. ಅಂಚು ಏರಿದಷ್ಟೂ ಎರಚಲು ಹೆಚ್ಚು ಒಳಬರುತ್ತದೆ. ಅದಕ್ಕೆ ಮಳೆ ಬಂದಾಗ ಇಳಿಬಿಡುವ ಸುರುಳಿ ಪರದೆ ಇರಲಿ. ಪರದೆಯನ್ನು ಸುತ್ತಿಡಬಹುದು, ತಗ್ಗಾದ ಮಾಡನ್ನು ಏನು ಮಾಡುವುದು?

ಈಗ ಶೀಟು. ಪೂರ್ತಿ ಮಾಡನ್ನೇ ಪಾರದರ್ಶಕ ಮಾಡಬೇಡಿ. ಸ್ವಚ್ಛವಾದ ಗಟ್ಟಿ ಪಾಲಿಕಾರ್ಬೊನೇಟ್ (ಒಂದು ಬಗೆಯ ಪ್ಲಾಸ್ಟಿಕ್) ಶೀಟು ಹೊಸದರಲ್ಲಿ ಶೇ. 85–90ರಷ್ಟು ಬೆಳಕು ಬಿಡುತ್ತದೆ, ಅದರ ಜೊತೆ ಬಿಸಿಲಿನ ಝಳವನ್ನೂ ಬಿಡುತ್ತದೆ. ನೆರಳಿಗೆಂದು ಕಟ್ಟಿಸಿದ ಜಾಗದಲ್ಲಿ ಮಧ್ಯಾಹ್ನ ಕೂರಲಾಗದು. ಹೆಚ್ಚಿನ ಭಾಗಕ್ಕೆ ಸಾಮಾನ್ಯ ಮಾಡು, ಒಂದು ಪಟ್ಟಿಯಷ್ಟಕ್ಕೆ ಪಾರದರ್ಶಕ ಶೀಟು, ಅಷ್ಟು ಸಾಕು.

ಆ ಪಟ್ಟಿ ಎಲ್ಲಿರಬೇಕು? ಗೋಡೆಗೆ ತಾಗಿಯೇ ಇರಲಿ ಎನ್ನುವವರು ಹೆಚ್ಚು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅಲ್ಲಿಂದ ಬರುವ ಬೆಳಕು ಬಹಳ ಕಡಿದಾಗಿ ಇಳಿದು ಕಿಟಕಿಯ ಬುಡದಲ್ಲೇ ಬೀಳುತ್ತದೆ; ಕೋಣೆಯ ಒಳಮೂಲೆಗೆ ಮುಟ್ಟುವುದು ನೆಲಕ್ಕೆ ಬಡಿದು ಪುಟಿದಷ್ಟು ಮಾತ್ರ. ಸಾಲದೆಂಬಂತೆ, ಸೋರಿಕೆ ಶುರುವಾಗುವ ಜಾಗವೂ ಗೋಡೆಯ ಆ ಸೇರುವೆಯೇ. ಅದರ ಬದಲು ಹೊರ ಅಂಚಿನ 3 ಅಡಿಯನ್ನು ಪಾರದರ್ಶಕ ಮಾಡಿದರೆ, ಬೆಳಕಿನ ಲೆಕ್ಕದಲ್ಲಿ 10 ಅಡಿಯ ಮಾಡು ಹೆಚ್ಚುಕಡಿಮೆ 7 ಅಡಿಯದಾಗುತ್ತದೆ. ಮಳೆಗೆ ಮಾತ್ರ 10 ಅಡಿಯದಾಗಿಯೇ ಉಳಿಯುತ್ತದೆ. ಶೀಟಿನ ಯುವಿ (ಬಿಸಿಲಿನ ನೇರಳಾತೀತ ಕಿರಣ ತಡೆಯುವ) ಲೇಪನದ ಬದಿ ಮೇಲಿರಲಿ, ತೊಳೆಯಲು ಕೈಗೆಟುಕುವಂತಿರಲಿ. ಧೂಳು ಕೂತ ಪಾರದರ್ಶಕ ಶೀಟು ಹೆಸರಿಗಷ್ಟೇ ಪಾರದರ್ಶಕ. ಗಾಜೇ ಬೇಕೆಂದರೆ ಲ್ಯಾಮಿನೇಟೆಡ್ ಗಾಜನ್ನೇ ಹಾಕಿಸಿ. ಅದು ಒಡೆದರೂ ಚೂರುಗಳು ನಡುವಿನ ಪದರಕ್ಕೆ ಅಂಟಿಕೊಂಡಿರುತ್ತವೆ.

ಮಾಡಿನ ತಳಭಾಗಕ್ಕೆ ಬಿಳಿ ಬಣ್ಣ, ನೆಲಕ್ಕೆ ತಿಳಿಬಣ್ಣದ, ಹೊಳಪಿಲ್ಲದ ಟೈಲ್ಸ್ ಹಾಕಿಸಿದರೆ ನೆಲದಿಂದ ಪುಟಿದ ಬೆಳಕು ಹಜಾರದ ಚಾವಣಿಗೆ ತಲುಪುತ್ತದೆ. ಅಲಂಕಾರಕ್ಕೆಂದು ಕಡುಬಣ್ಣದ ಮರದ ಹಲಗೆ ಹೊಡೆಸುವವರು ಈ ಬೆಳಕನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಕಿಟಕಿಯನ್ನೇ ಮೇಲಕ್ಕೆ ದೊಡ್ಡದು ಮಾಡಿಸೋಣ ಎಂದೂ ಅನಿಸಬಹುದು. ತಗ್ಗಾದ ಮಾಡಿನಡಿಯಲ್ಲಿ ಅದು ಹೆಚ್ಚು ಫಲ ಕೊಡದು, ಹೊಸ ಭಾಗಕ್ಕೆ ಕಾಣುವುದು ಬಹುಪಾಲು ಮಾಡಿನ ತಳವೇ. ಹಜಾರದ ಇನ್ನೊಂದು ಗೋಡೆ ಹೊರಕ್ಕೆ ತೆರೆದಿದ್ದರೆ ಅಲ್ಲೊಂದು ಕಿಟಕಿ, ಇಲ್ಲದಿದ್ದರೆ ಚಾವಣಿಯಲ್ಲೊಂದು ಬೆಳಕಿಂಡಿ ಮಾಡಿಸುವುದೇ ವಾಸಿ. ಚಾವಣಿಯ ಬೆಳಕಿಂಡಿಗೆ ಅರ್ಧವಲ್ಲ, ಇಡೀ ಆಕಾಶ ಕಾಣುತ್ತದೆ.

ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ. ನಾಲ್ಕು ಗಳ ನೆಟ್ಟು, ಮಾಡು ಬರಬೇಕಾದ ಎತ್ತರ-ಅಗಲಕ್ಕೇ ಬೆಳಕು ತೂರದ ಟಾರ್ಪಾಲಿನ್ ಕಟ್ಟಿ ಕೆಲವು ದಿನ ಬಿಡಿ. ಹೊರ ಅಂಚನ್ನು ಒಂದೊಂದೇ ಅಡಿ ಏರಿಸುತ್ತಾ, ಹಿಂದಕ್ಕೆ ಮಡಚುತ್ತಾ, ಹಜಾರದ ಒಳತುದಿಯಲ್ಲಿ ಕೂತು ಪತ್ರಿಕೆ ಓದಿ ನೋಡಿ. ಬಿಸಿಲ ದಿನದ ಫಲಿತಾಂಶ ನಂಬಬೇಡಿ, ಮೋಡದ ದಿನ ಓದಲು ಸಾಧ್ಯವಾದ ಅಳತೆಯನ್ನೇ ಬರೆದು ಮೇಸ್ತ್ರಿಯ ಕೈಗೆ ಕೊಡಿ.