ಜೋಸಿಮಸ್ ಕಂಡ ತಾಮ್ರದ ಮನುಷ್ಯ: ಗ್ರೀಕ್ ರಸವಾದದ ಟಿಪ್ಪಣಿ

ಗ್ರೀಕ್ ರಸವಾದವನ್ನು (ಕೀಳು ಲೋಹವನ್ನು ಚಿನ್ನವಾಗಿಸಲು ಹೊರಟ ವಿದ್ಯೆಯನ್ನು) ಓದಲು ಕೂತವರು ಅಥೆನ್ಸ್ ಕಡೆ ಮುಖ ಮಾಡಬಾರದು. ಅದು ಬೆಳೆದದ್ದು ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ, ಕ್ರಿ.ಶ. ಮೊದಲ ಶತಮಾನಗಳಲ್ಲಿ. ಕೈಕಸುಬು ಅಲ್ಲಿನ ಲೋಹಗಾರರದು, ಬಣ್ಣಗಾರರದು. ಬರೆದ ಭಾಷೆ ಗ್ರೀಕ್. ಹಿಂದಿದ್ದ ತರ್ಕ ಗ್ರೀಕ್ ತತ್ತ್ವಜ್ಞಾನದ್ದು. ಎಲ್ಲ ವಸ್ತುಗಳ ಬುಡದಲ್ಲೂ ಒಂದೇ ಮೂಲದ್ರವ್ಯವಿದೆ ಎಂದು ಒಪ್ಪಿದ ಮೇಲೆ, ಸೀಸದ ಗುಣ ಕಳಚಿ ಚಿನ್ನದ ಗುಣ ತೊಡಿಸಲು ಅಡ್ಡಿಯೇನು?

ಲೈಡನ್ ಮತ್ತು ಸ್ಟಾಕ್‌ಹೋಮ್‌ನಲ್ಲಿರುವ ಎರಡು ಪಪೈರಸ್‌ಗಳು (ಜೊಂಡಿನ ಹಾಳೆಯ ಹಸ್ತಪ್ರತಿಗಳು) ಈ ಕಸುಬಿನ ಮುಖವನ್ನು ತೋರಿಸುತ್ತವೆ. ಲೋಹ, ಹರಳು, ಬಟ್ಟೆಯ ಬಣ್ಣಗಳ ಪಾಕವಿಧಾನಗಳು ಅವು. ಈ ಮಿಶ್ರಲೋಹ ನುರಿತ ಕುಶಲಕರ್ಮಿಗಳನ್ನೂ ಮೋಸಗೊಳಿಸುತ್ತದೆ ಎಂದು ಒಂದು ಕಡೆ ಸಂಕೋಚವಿಲ್ಲದೆ ಬರೆದಿದೆ! ಅಧ್ಯಾತ್ಮದ ಸುಳಿವೂ ಅಲ್ಲಿಲ್ಲ.

ತಿರುವು ಸಿಗುವುದು ಉಪಕರಣಗಳಲ್ಲಿ. ಯಹೂದಿ ಮರಿಯಾ ಎಂಬ ರಸವಾದಿಯ ಹೆಸರಿನೊಂದಿಗೆ ಬರುವ ಕೆರೋಟಾಕಿಸ್ ಎಂಬ ಉಪಕರಣವನ್ನು ಚಿತ್ರ ಬರೆದುಕೊಂಡೇ ಕಲಿಯಿರಿ. ಮುಚ್ಚಿದ ಪಾತ್ರೆಯ ತಳದಲ್ಲಿ ಗಂಧಕ, ಪಾದರಸ ಅಥವಾ ಆರ್ಸೆನಿಕ್‌ನ ಸಂಯುಕ್ತವನ್ನು ಕಾಯಿಸುತ್ತಾರೆ. ಆವಿ ಮೇಲೇರಿ, ಅಲ್ಲಿಟ್ಟ ಲೋಹದ ತಗಡನ್ನು ಕೊರೆಯುತ್ತದೆ, ತಣಿದು ಮತ್ತೆ ಕೆಳಗಿಳಿಯುತ್ತದೆ. ಆರ್ಸೆನಿಕ್ ಹೊಕ್ಕ ತಾಮ್ರ ಬೆಳ್ಳಿಯಂತೆ ಬೆಳ್ಳಗಾಗುತ್ತದೆ. ಇವರಿಗೆ ಲೋಹ ಎಂದರೆ ದೇಹ, ಆವಿ ಎಂದರೆ ಪ್ರಾಣ.

ಈಗ ಜೋಸಿಮಸ್‌ನನ್ನು ಓದಿ. ಮೇಲಣ ಈಜಿಪ್ಟಿನ ಪನೋಪೊಲಿಸ್‌ನವನು (ಇಂದಿನ ಅಖ್ಮೀಮ್), ಕಾಲ ಸುಮಾರು ಕ್ರಿ.ಶ. 300. ಅವನಿಗೊಂದು ಕನಸು: ಬಟ್ಟಲಿನಾಕಾರದ ಬಲಿಪೀಠ, ಅದಕ್ಕೆ 15 ಮೆಟ್ಟಿಲು, ಮೇಲೊಬ್ಬ ಪುರೋಹಿತ. ತನ್ನನ್ನು ಕತ್ತಿಯಿಂದ ಸೀಳಿ, ಚರ್ಮ ಸುಲಿದು, ಸುಟ್ಟರು, ತನ್ನ ದೇಹ ಪ್ರಾಣವಾಗಿ ಬದಲಾಯಿತು ಎಂದು ಆ ಪುರೋಹಿತ ಹೇಳಿಕೊಳ್ಳುತ್ತಾನೆ. ಮುಂದೆ ತಾಮ್ರದ ಮನುಷ್ಯ ಬೆಳ್ಳಿಯವನಾಗುತ್ತಾನೆ, ಬೆಳ್ಳಿಯವನು ಚಿನ್ನದವನಾಗುತ್ತಾನೆ. ಮರಿಯಾಳ ಪಾತ್ರೆಯೊಳಗೆ ತಗಡು ಪಡುವ ಪಾಡನ್ನೇ ಇಲ್ಲಿ ಮನುಷ್ಯ ಪಡುತ್ತಿದ್ದಾನೆ ಎಂದು ನನ್ನ ಓದು. ಪಾತ್ರೆಯನ್ನು ಬಿಟ್ಟು ಕನಸನ್ನಷ್ಟೇ ಓದಿದರೆ ಅದು ಬರೀ ಭಯಾನಕ ಕಥೆ.

ತನ್ನ ಸಹಸಾಧಕಿ ಥಿಯೋಸೆಬಿಯಾಳಿಗೆ ಅವನು ಬರೆದ ಬುದ್ಧಿಮಾತೂ ಮುಖ್ಯ. ಅತ್ತಿತ್ತ ಅಲೆಯದೆ ಮನೆಯಲ್ಲಿ ಕುಳಿತುಕೋ, ಕಾಮಕ್ರೋಧಗಳನ್ನು ಅಡಗಿಸು, ದೇವರು ನಿನ್ನ ಬಳಿಗೇ ಬರುತ್ತಾನೆ, ಬಲಿ ಬೇಡುವ ಕ್ಷುದ್ರಶಕ್ತಿಗಳನ್ನು ನಂಬಬೇಡ ಎಂಬುದು ಅದರ ತಾತ್ಪರ್ಯ. ಒಳಗಿನ ಜ್ಞಾನದಿಂದಲೇ ಮುಕ್ತಿ ಎನ್ನುತ್ತಿದ್ದ ಹರ್ಮೆಟಿಕ್ ಮತ್ತು ನಾಸ್ಟಿಕ್ ಪಂಥಗಳ ಪ್ರಭಾವ ಇಲ್ಲಿ ಎದ್ದು ಕಾಣುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಯುಂಗ್ ಈ ಕನಸನ್ನು ಅಂತರಂಗದ ರೂಪಾಂತರವೆಂದು ವಿವರಿಸಿದ. ಆ ವಿವರಣೆಯನ್ನು ಓದಿ, ಆದರೆ ಅದಕ್ಕೇ ಜೋತುಬೀಳಬೇಡಿ: ಇದೇ ಜೋಸಿಮಸ್ ಕುಲುಮೆಗಳ ಬಗ್ಗೆ, ಭಟ್ಟಿ ಇಳಿಸುವ ಕೊಳವೆಗಳ ಬಗ್ಗೆ ಅಷ್ಟೇ ಶ್ರದ್ಧೆಯಿಂದ ಬರೆದಿದ್ದಾನೆ.