ಚಿಮಣಿಯ ಪಾದರಸ ಎಲ್ಲಿ ನಿಲ್ಲುತ್ತದೆ?

ಪ್ರಶ್ನೆ: ನಮ್ಮ ಹೊಲ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿದೆ. ಕಲ್ಲಿದ್ದಲು ಸ್ಥಾವರದ ಹೊಗೆಯಿಂದ ನೈಟ್ರೋಜನ್ ಆಕ್ಸೈಡ್ ಕಳೆಯಲು ಕ್ರಿಯಾವರ್ಧಕ (ಕ್ಯಾಟಲಿಸ್ಟ್) ಕೂರಿಸಿದರೆ ಪಾದರಸವೂ ಅಲ್ಲಿಯೇ ನಿಲ್ಲುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ, ವೇಷ ಬದಲಿಸುತ್ತದೆ.

ಒಂದು ಟನ್ ಕಲ್ಲಿದ್ದಲಿನಲ್ಲಿ ಪಾದರಸ ಇರುವುದು ಸುಮಾರು 0.1 ಗ್ರಾಂ. ಆದರೆ 660 ಮೆಗಾವ್ಯಾಟ್‌ನ ಒಂದು ಘಟಕ ದಿನಕ್ಕೆ ಸಾವಿರಾರು ಟನ್ ಸುಡುತ್ತದೆ. ಪಾದರಸ ಕುದಿಯುವುದು 357 ಡಿಗ್ರಿಯಲ್ಲಿ. ಕುಲುಮೆಯ ಉರಿಗೆ ಅದು ಪೂರ್ತಿ ಆವಿಯಾಗುತ್ತದೆ. ಈ ಶುದ್ಧ ಆವಿ ನೀರಿನಲ್ಲಿ ಕರಗುವುದಿಲ್ಲ, ಬೂದಿಗೂ ಸುಲಭವಾಗಿ ಅಂಟುವುದಿಲ್ಲ. ಒಡೆದ ಥರ್ಮಾಮೀಟರಿನ ಹನಿಯನ್ನು ಬೆರಳಿನಿಂದ ಎತ್ತಲು ಹೋದವರಿಗೆ ಅದರ ಜಾರುವ ಗುಣ ಗೊತ್ತು.

ಇನ್ನು ಕ್ರಿಯಾವರ್ಧಕ. ಜೇನುಗೂಡಿನಂತೆ ತೂತುಗಳಿರುವ ಟೈಟಾನಿಯಂ ಆಕ್ಸೈಡಿನ ಇಟ್ಟಿಗೆಗಳು, ಅವುಗಳಲ್ಲಿ ವೆನೇಡಿಯಂ, ಟಂಗ್‌ಸ್ಟನ್. ಹೊಗೆಗೆ ಅಮೋನಿಯಾ ಬೆರೆಸಿ 300ರಿಂದ 400 ಡಿಗ್ರಿಯಲ್ಲಿ ಇದರೊಳಗೆ ಹಾಯಿಸಿದರೆ ನೈಟ್ರೋಜನ್ ಆಕ್ಸೈಡ್ ಸಾರಜನಕವೂ ನೀರೂ ಆಗುತ್ತದೆ. ಕಲ್ಲಿದ್ದಲಿನಲ್ಲಿ ಕ್ಲೋರಿನ್ ಸಾಕಷ್ಟಿದ್ದರೆ, ಅದೇ ಮೇಲ್ಮೈಯಲ್ಲಿ ಪಾದರಸವು ಕ್ಲೋರಿನ್ನನ್ನು ಕೂಡಿಕೊಂಡು ಮರ್ಕ್ಯುರಿಕ್ ಕ್ಲೋರೈಡ್ ಆಗುತ್ತದೆ. ಹಳೆಯ ವೈದ್ಯರ ರಸಕರ್ಪೂರಕ್ಕೆ ಇದು ಹತ್ತಿರದ ನೆಂಟ. ತಮಾಷೆಯೆಂದರೆ ಅಮೋನಿಯಾ ಇದಕ್ಕೆ ಅಡ್ಡಗಾಲು: ವೆನೇಡಿಯಂ ಮೇಲಿನ ಜಾಗವನ್ನು ಅದೇ ಹಿಡಿದು ಕೂರುತ್ತದೆ. ಅಮೋನಿಯಾ ಖರ್ಚಾದ ಕೊನೆಯ ಪದರಕ್ಕೆ ಬಂದ ಮೇಲೆಯೇ ಪಾದರಸದ ಸರದಿ. ಕ್ಲೋರಿನ್ ಕಡಿಮೆಯಿದ್ದಲ್ಲಿ ಕೆಲವೆಡೆ ಕಲ್ಲಿದ್ದಲಿಗೆ ಬ್ರೋಮೈಡ್ ಲವಣ ಬೆರೆಸುವುದುಂಟು.

ಈ ಹೊಸ ರೂಪ ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಮುಂದೆ ಗಂಧಕ ತೊಳೆಯುವ ಸುಣ್ಣಕಲ್ಲಿನ ನೀರಿನ ಗೋಪುರವಿದ್ದರೆ ಅದರ ಬಹುಪಾಲು ಅಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿಯೂ ಪೂರ್ತಿ ನಂಬುವಂತಿಲ್ಲ. ಆ ನೀರಿನಲ್ಲಿರುವ, ಗಂಧಕದಿಂದಾದ ಸಲ್ಫೈಟ್ ಲವಣ ಒಂದಿಷ್ಟನ್ನು ಮತ್ತೆ ಶುದ್ಧ ಪಾದರಸವಾಗಿಸಿ ಹೊಗೆಗೆ ಬಿಡಬಲ್ಲದು. ಸಿಕ್ಕಿದ್ದು ಗೋಪುರದಲ್ಲಿ ಉಂಟಾಗುವ ಜಿಪ್ಸಮ್ಮಿಗೋ ಕೊಳೆನೀರಿಗೋ ಹೋಗುತ್ತದೆ.

ಗೋಪುರವೇ ಇಲ್ಲದಿದ್ದರೆ? ನನಗೆ ಚಿಂತೆ ಇರುವುದು ಇಲ್ಲಿಯೇ. ಶುದ್ಧ ಆವಿ ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲಿ ಖಂಡಾಂತರ ಹೋಗುತ್ತದೆ. ಕರಗುವ ರೂಪ ಮಳೆಯೊಂದಿಗೆ ಹತ್ತಿರದಲ್ಲಿಯೇ ಇಳಿಯುತ್ತದೆ. ದೂರ ಹೋಗುವುದನ್ನು ಕ್ರಿಯಾವರ್ಧಕವೇ ಊರಿಗೆ ಇಳಿಸಿದಂತಾಗುತ್ತದೆ. ನಿಮ್ಮ ಜೋಳಕ್ಕಿಂತ ಕೆರೆಯ ಮೀನಿನ ಬಗ್ಗೆ ಹೆಚ್ಚು ಯೋಚಿಸಿ: ಕೆಸರಿನ ಬ್ಯಾಕ್ಟೀರಿಯಾಗಳು ಕೆರೆಗಿಳಿದ ಪಾದರಸವನ್ನು ಇನ್ನೂ ವಿಷಕಾರಿಯಾದ ಮೀಥೈಲ್ ಪಾದರಸವಾಗಿಸುತ್ತವೆ, ಅದು ಮೀನಿನಿಂದ ಮೀನಿಗೆ ಸಾಂದ್ರವಾಗುತ್ತಾ ಹೋಗುತ್ತದೆ.

2017ರ ಜನವರಿಯಿಂದೀಚಿನ ಸ್ಥಾವರಗಳಿಗೆ ಕೇಂದ್ರ ಪರಿಸರ ಸಚಿವಾಲಯದ 2015ರ ಡಿಸೆಂಬರಿನ ಅಧಿಸೂಚನೆ ಪಾದರಸಕ್ಕೆ ಹಾಕಿದ ಮಿತಿ ಘನಮೀಟರಿಗೆ 0.03 ಮಿಲಿಗ್ರಾಂ. ಅದು ಪಾದರಸದ ರೂಪವನ್ನು ಕೇಳುವುದಿಲ್ಲ. ಸಾರ್ವಜನಿಕ ಅಹವಾಲು ಸಭೆಗೆ ಹೋದರೆ ನೀವು ಕೇಳಿ: ಕರಗುವ ರೂಪ ಎಷ್ಟು, ಅದನ್ನು ತೊಳೆಯುವ ಗೋಪುರ ಎಲ್ಲಿದೆ?